ಕಣ್ಣು ಹಾಕಿದವಳ ಕೈತುತ್ತು

ಕಳೆದ ಭಾನುವಾರ ಎರಡೂವರೆ ವರ್ಷದ ಹುಡುಗಿಯೊಬ್ಬಳು ಸುಮ್ಮನೆ ಬಾಯಿ ತೆರೆದು ನನ್ನನ್ನು ಅಪರಾಧಿ ಮಾಡಿಬಿಟ್ಟಳು. ಅದೂ ಗಂಡನ ಮನೆಯವರೆಲ್ಲರ ಎದುರಿಗೆ!

ಅಪರಾಧ ಏನು? ಹೊಟ್ಟೆಕಿಚ್ಚು.

ಮೊದಲು ನನ್ನ ಕಷ್ಟ ಕೇಳಿ. ನನ್ನ ಮಗ ನಿಹಾರನಿಗೂ ಎರಡೂವರೆ ವರ್ಷ. ಅವನು ಊಟ ಮಾಡುವುದಿಲ್ಲ. ‘ಎಲ್ಲ ಮಕ್ಕಳೂ ಹಾಗೇ’ ಎನ್ನುವವರು ದಯವಿಟ್ಟು ಒಂದು ದಿನ ಕಾರವಾರದ ನಮ್ಮ ಮನೆಗೆ ಬನ್ನಿ. ಬಟ್ಟಲು ಕಂಡೊಡನೆ ಅವನ ಪ್ರಶ್ನೋತ್ತರ ಕಲಾಪ ಶುರು. “ಇದು ಯಾಕೆ ಬಿಳಿ?” “ಇದು ಯಾಕೆ ಮೆತ್ತಗೆ?” “ಕಾಗೆಗೆ ಕೊಟ್ಯಾ?” “ಕಾಗೆ ಯಾಕೆ ತಿನ್ಲಿಲ್ಲ?” ನಾನು ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಅನ್ನ ಆರಿ ಕಲ್ಲಾಗಿರುತ್ತದೆ. ಅಪ್ಪಿತಪ್ಪಿ ಒಂದು ತುತ್ತು ಒಳಗೆ ಹೋಯಿತೋ, ಅದು ಅರ್ಧ ತಾಸು ಕೆನ್ನೆಯಲ್ಲೇ ವಾಸ.

(ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಕಪ್ ಹೊತ್ತು ತಂದವಳು ನಾನು. ವಿಷಯದ ಪರ ಬೇಕೆ, ವಿರೋಧ ಬೇಕೆ, ಎರಡಕ್ಕೂ ರೆಡಿ. ಈಗ ಎದುರು ಪಕ್ಷದವನನ್ನು ನಾನೇ ಹೆತ್ತು ಸಾಕುತ್ತಿದ್ದೇನೆ.)

ಇನ್ನು ಆ ಕಡೆ ಸಾನ್ವಿ. ನನ್ನ ಗಂಡನ ತಮ್ಮನ ಮಗಳು, ನಿಹಾರನಿಗಿಂತ ಹನ್ನೊಂದು ದಿನಕ್ಕೆ ಚಿಕ್ಕವಳು. ಅಂಕೋಲೆ ಹತ್ತಿರದ ಶೆಟಗೇರಿಯ ಮನೆಯಲ್ಲಿ ನಮ್ಮ ಅತ್ತೆ ಮಾವನ ಜೊತೆ ಇರುತ್ತಾಳೆ. ಅವಳ ಊಟ ನೋಡಬೇಕು ನೀವು! ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆ. ಕುಚಲಕ್ಕಿ ಅನ್ನ, ಮೀನು ಸಾರು, ಎಲ್ಲ ತಾನೇ ಕಲಸುತ್ತಾಳೆ. ಮುಳ್ಳು ಸಿಕ್ಕರೆ ನಾಲಿಗೆಯಿಂದಲೇ ಹೊರಗೆ ತಳ್ಳುತ್ತಾಳೆ. ಕೊನೆಗೆ ಬಟ್ಟಲೆತ್ತಿ ಸಾರು ಸುರಿದುಕೊಂಡು, ಖಾಲಿ ಬಟ್ಟಲನ್ನು ಮತ್ತೆ ಮುಂದೆ ಚಾಚುತ್ತಾಳೆ.

ಅವಳ ತಾಯಿ, ಅಂದರೆ ನನ್ನ ಓರಗಿತ್ತಿ ಸುಮನಾ, ಆಗ ಏನು ಮಾಡುತ್ತಿರುತ್ತಾಳೆ ಗೊತ್ತೆ? ಆಚೆ ಕೂತು ಮೊಬೈಲಿನಲ್ಲಿ ರೀಲ್ಸ್ ನೋಡುತ್ತಿರುತ್ತಾಳೆ. ಮಗು ಉಣ್ಣುವಾಗ ತಾಯಿ ರೀಲ್ಸ್ ನೋಡುವ ಮನೆಯೂ ಈ ಜಗತ್ತಿನಲ್ಲಿದೆ! ನಮ್ಮಲ್ಲಿ ನೋಡುವವನು ಮಗ, ಹಿಡಿದುಕೊಂಡು ನಿಲ್ಲುವವಳು ನಾನು.

ಹೊಟ್ಟೆ ಉರಿಯದೆ ಇರಲು ನಾನೇನು ಕಲ್ಲೆ?

ಈ ಸಲ ಶನಿವಾರವೇ ಶೆಟಗೇರಿಗೆ ಹೋಗಿದ್ದೆವು. ಮಧ್ಯಾಹ್ನ ಸಾನ್ವಿ ಮೂರನೇ ಸಲ ಅನ್ನಕ್ಕೆ ಬಟ್ಟಲು ಚಾಚಿದಾಗ ನನ್ನ ಬಾಯಿಂದ ಮಾತು ಜಾರಿಹೋಯಿತು. “ಅಯ್ಯೋ ದೇವ್ರೆ, ಎಷ್ಟು ತಿಂತದೆ ಇದು!”

ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು.

ಭಾನುವಾರ ಮಧ್ಯಾಹ್ನ ಸಾನ್ವಿ ಬಟ್ಟಲು ದೂಡಿದಳು. ಅನ್ನ ಬೇಡ, ಮೀನು ಬೇಡ. ತುಟಿ ಬಿಗಿದುಕೊಂಡು ಕೂತಳು.

“ಯಾರದೋ ಕಣ್ ಬಿದ್ದದೆ,” ಅಂದರು ಅತ್ತೆ.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ಕಣ್ಣೂ ಇಲ್ಲ ಎಂತದೂ ಇಲ್ಲ ಅತ್ತೆ. ಬೆಳಿಗ್ಗೆಯಿಂದ ಈಶಾಡ ಮಾವಿನಹಣ್ಣು ತಿಂತಾ ಅದೆ. ಹಸಿವು ಎಲ್ಲಿಂದ ಬರ್ಬೇಕು?”

“ಹಣ್ಣು ನಿನ್ನೆಯೂ ತಿಂದಿತ್ತಲೆ ತಂಗೀ,” ಅಂದರು ಅತ್ತೆ.

(ಒಳ್ಳೆಯ ಪ್ರತಿವಾದ. ನಾನು ಜಡ್ಜ್ ಆಗಿದ್ದರೆ ಅಂಕ ಕೊಡುತ್ತಿದ್ದೆ.)

ಅತ್ತೆ ಉಪ್ಪು, ಸಾಸಿವೆ, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ಮಗುವಿಗೆ ಮೂರು ಸುತ್ತು ಇಳಿಸಿ ಬಚ್ಚಲ ಒಲೆಗೆ ಹಾಕಿದರು. ದೃಷ್ಟಿ ಆಗಿದ್ದರೆ ಮೆಣಸಿನ ಘಾಟು ಬರುವುದಿಲ್ಲವಂತೆ. ಬರಲಿಲ್ಲ. ಮೆಣಸು ತೇವವಾಗಿರಬೇಕು ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗಾದರೆ ಕಣ್ಣು ಯಾರದು? ಅತ್ತೆಯ ತವರು ಬೊಬ್ರುವಾಡ. ಅವರ ತವರಿನಲ್ಲಿ ಇದಕ್ಕೊಂದು ಕ್ರಮ ಇದೆಯಂತೆ. ಮನೆಯವರೆಲ್ಲ ಸರದಿಯಲ್ಲಿ ಒಂದೊಂದು ತುತ್ತು ಕೊಡಬೇಕು. ಯಾರ ಕಣ್ಣು ಬಿದ್ದಿದೆಯೋ ಅವರ ಕೈಯದನ್ನೇ ಮಗು ತಿನ್ನುತ್ತದೆ, ಅಲ್ಲಿಗೆ ದೃಷ್ಟಿಯೂ ಹೋಗುತ್ತದೆ.

ಮೊದಲು ಮಾವ. ಸಾನ್ವಿ ಮುಖ ತಿರುಗಿಸಿದಳು. ಅವಳ ಅಪ್ಪ. ಅವನ ಕೈ ತಳ್ಳಿದಳು. ಆಮೇಲೆ ನನ್ನ ಗಂಡ, ಅತ್ತೆ, ಸುಮನಾ. ಬೇಡ, ಬೇಡ, ಬೇಡ. ಎಲ್ಲರೂ ನನ್ನ ಕಡೆ ನೋಡಿದರು.

“ಇದಕ್ಕೆಲ್ಲ ಅರ್ಥ ಇಲ್ಲ,” ಅಂದೆ.

“ಅರ್ಥ ಇಲ್ದಿದ್ರೆ ಹೆದ್ರಿಕೆ ಎಂತಕ್ಕೆ ಅತ್ಗೆ?” ಅಂದ ಮೈದುನ. ಅವನಿಗೆ ಮೊದಲೇ ನಗು.

ಅನ್ನಕ್ಕೆ ಸಾರು ಕಲಸಿ, ಮುಳ್ಳು ತೆಗೆದ ಮೀನಿನ ಚೂರು ಇಟ್ಟು, ತುತ್ತು ಮುಂದೆ ಹಿಡಿದೆ. ಸಾನ್ವಿ ನನ್ನನ್ನೇ ದಿಟ್ಟಿಸಿದಳು. ಬಾಯಿ ತೆರೆದಳು. ತಿಂದಳು! ಮತ್ತೆ ತೆರೆದಳು. ಬಟ್ಟಲು ಖಾಲಿಯಾಗುವವರೆಗೂ ತಿಂದಳು.

ಮೈದುನ ಈಗ ನಗಲಿಲ್ಲ. ಗಂಡ ಮಾಡಿನ ಹೆಂಚು ನೋಡತೊಡಗಿದ.

ನನ್ನ ಡಿಫೆನ್ಸ್ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ಜನರ ಸರದಿ ಮುಗಿಯುವಷ್ಟರಲ್ಲಿ ಹೊತ್ತು ಹೋಗಿದೆ, ಮಾವಿನಹಣ್ಣು ಕರಗಿದೆ, ಮಗುವಿಗೆ ಹಸಿವಾಗಿದೆ. ನಾನು ಕೊನೆಯವಳು, ಅಷ್ಟೇ. ಬೇಕಿದ್ದರೆ ಇನ್ನೊಂದು ದಿನ ಸರದಿ ತಿರುಗಿಸಿ ನೋಡಿ. ಇದಕ್ಕಿಂತ ಸುಲಭವಾದ ಕೇಸ್ ಉಂಟೆ?

ಆದರೆ ಹೇಳಲಿಲ್ಲ. ಯಾಕೆಂದರೆ ನನ್ನ ಬೆರಳ ತುದಿಗೆ ಒಂದು ಪುಟ್ಟ ನಾಲಿಗೆ ತಾಗಿತ್ತು. ತುತ್ತು ಮುಗಿಸಿ, ಮುಂದಿನ ತುತ್ತಿಗೆ ಒಂದು ಮಗು ನನ್ನ ಕೈಯನ್ನೇ ಕಾಯುತ್ತಿತ್ತು. ಎರಡೂವರೆ ವರ್ಷದಲ್ಲಿ ಈ ಕೈಗೆ ಆ ಭಾಗ್ಯ ಸಿಕ್ಕಿರಲಿಲ್ಲ. ಅದನ್ನು ‘ಕಾಕತಾಳೀಯ’ ಎಂದು ನಾನೇ ಕರೆದು ಕೈ ತೊಳೆದುಕೊಳ್ಳಲೆ?

“ಹೌದು. ನಂದೇ ಕಣ್ಣು,” ಅಂದೆ. “ಇದು ಉಣ್ಣೂದು ನೋಡಿದ್ರೆ ನಂಗೆ ಹೊಟ್ಟೆ ಉರೀತದೆ.”

ಸುಮನಾ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿನಲ್ಲಿ ಮಗಳ ಬಾಯಿ ಒರೆಸಿದಳು. ಅದೇ ಸೆರಗಿನಲ್ಲಿ ತನ್ನ ಕಣ್ಣೂ ಒರೆಸಿಕೊಂಡಳು.

“ನಂದೂ ಬಿದ್ದದೆ ಅಕ್ಕಾ.”

“ಯಾರ ಮೇಲೆ?”

“ನಿಮ್ಮ ಮಗನ ಮೇಲೆ. ಎಷ್ಟು ಮಾತಾಡ್ತದೆ ಅದು! ಇದು ಇನ್ನೂ ಅಮ್ಮ ಅಂತೂ ಅಂದದ್ದಿಲ್ಲ. ಡಾಕ್ಟರು ಕಿವಿ ಎಲ್ಲ ಸರಿ ಅದೆ, ಕಾಯಿರಿ ಅಂದ್ರು. ಎಷ್ಟು ದಿನ ಕಾಯೂದು? ಕಾಗೆ ಯಾಕೆ ತಿನ್ಲಿಲ್ಲ ಅಂತ ಅದು ಕೇಳ್ತಿದ್ರೆ ನಂಗೆ ಅಲ್ಲಿ ಕೂರೂಕಾಗೂದಿಲ್ಲ. ಅದ್ಕೇ ಮೊಬೈಲ್ ಹಿಡ್ಕಂಡು ಆಚೆ ಹೋಗ್ತೆ.”

ನಾನು ಸಾನ್ವಿಯ ಬಟ್ಟಲನ್ನು ಅಷ್ಟು ಸಲ ನೋಡಿದ್ದೆ. ಅವಳ ಬಾಯಿಂದ ಒಂದು ಶಬ್ದವೂ ಬರದಿರುವುದು ನನಗೆ ಕೇಳಿಸಿರಲೇ ಇಲ್ಲ. ಹೊಟ್ಟೆಕಿಚ್ಚಿಗೆ ಕಣ್ಣಷ್ಟೇ ಇರುತ್ತದೆಯೆ? ಕಿವಿ ಇರುವುದಿಲ್ಲವೆ?

ಅತ್ತೆ ಅನ್ನದ ಪಾತ್ರೆ ಎಳೆದರು. “ಹಂಗಾರೆ ಸುಮನಾ, ನಿಹಾರ ತಮನಿಗೆ ನೀನೂ ಕೊಡು ಒಂದು ತುತ್ತು. ಅದೂ ಒಂದು ನೋಡಿಬಿಡ್ವ.”

ಸುಮನಾ ತುತ್ತು ಕಟ್ಟಿದಳು. ನಿಹಾರ ಅದನ್ನು ಪರೀಕ್ಷಿಸಿದ. “ಮೀನು ಯಾಕೆ ಕೆಂಪು?”

ನಾನಾಗಿದ್ದರೆ ‘ಮೆಣಸಿನ ಬಣ್ಣ’ ಎಂದು ಸತ್ಯ ಹೇಳಿ ಸೋಲುತ್ತಿದ್ದೆ.

“ಅದ್ಕೆ ನಾಚ್ಕೆ ಆಯ್ತು, ತಮಾ.”

“ಯಾಕೆ ನಾಚ್ಕೆ?”

“ನೀ ಅದನ್ನೇ ನೋಡ್ತೆ ಅಲ್ಲ, ಅದ್ಕೆ.”

ನಿಹಾರ ಯೋಚಿಸಿದ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ, ಮೀನಿಗೆ ನಾಚಿಕೆಯಾಗದಿರಲಿ ಎಂದು. ಬಾಯಿ ತೆರೆದ. ಅಗಿದ. ನುಂಗಿದ! ಮತ್ತೊಂದು ಪ್ರಶ್ನೆ, ಮತ್ತೊಂದು ತುತ್ತು. ಪ್ರಶ್ನೆ ಕೇಳುವ ಮಗುವೊಂದು ಸಿಕ್ಕಿದ ಸುಮನಾಳ ಮುಖ ನೋಡಬೇಕಿತ್ತು ನೀವು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ? ನಾಲ್ಕನೇ ತುತ್ತಿನವರೆಗೂ ಖುಷಿಯೇ.

ಐದನೆಯದಕ್ಕೆ ಅವನು ಪ್ರಶ್ನೆಯನ್ನೇ ಕೇಳದೆ ಬಾಯಿ ತೆರೆದ. ಅಲ್ಲ, ಅವಳ ಕೈಗೆ ಅಷ್ಟು ಅಗಲ ತೆರೆಯಬೇಕಿತ್ತೆ?