ಮಸ್ಕತ್‌ನಿಂದ ಬಂದ ಆಯೇರಿ

ದ್ರಾಕ್ಷಾಯಿಣಿ ಕೇಶ್ವಾಪುರದ ನಮ್ಮ ಓಣಿಗೆ ಬಾಡಿಗೆಗೆ ಬಂದಾಗ, ಒಬ್ಬಂಟಿ ಹೆಂಗಸಿಗೆ ಇಷ್ಟೊಂದು ರೊಟ್ಟಿ ಯಾಕೆ ಎಂದು ಎಲ್ಲರಿಗೂ ಕುತೂಹಲ. ಬೆಳಗಾದರೆ ಸಾಕು, ರೊಟ್ಟಿ ಬಡಿಯುವ ಸಪ್ಪಳ. ಗೋಡೆಯಾಚೆಯ ಮನೆ ನಮ್ಮದೇ ಆದ್ದರಿಂದ ವಿಚಾರಿಸುವ ಭಾರ ನನ್ನ ತಲೆಗೆ ಬಂತು. ಹೋಗಿ ನೋಡಿದರೆ ಆಕೆ ಒಂದು ಕೈಯಲ್ಲಿ ಹಂಚಿನ ಮೇಲಿನ ರೊಟ್ಟಿ ತಿರುವುತ್ತ, ಇನ್ನೊಂದು ಕೈಯಲ್ಲಿ ಅದರ ಫೋಟೋ ತೆಗೆಯುತ್ತಿದ್ದಳು.

"ಅಡಗೀ ವೆಬ್‌ಸೈಟ್ ನಡಸ್ತೇನ್ರಿ ಅಕ್ಕಾರ. ಅದರಾಗ ಬರೂ ಜಾಹೀರಾತ ಮಂದಿ ಒತ್ತಿದ್ರ ನನಗ ಕಂಪನಿಯವರು ರೊಕ್ಕಾ ಕೊಡ್ತಾರ. ಕುಂದರ್ರಿ, ಬಿಸಿ ರೊಟ್ಟಿ ತಿನ್ರಿ," ಎಂದಳು.

ಆಕೆಯ ಹಿಂದಿನ ಕಥೆ ನನಗೆ ತಿಳಿದದ್ದು ನಿಧಾನವಾಗಿ. ಗಂಡ ತೀರಿಕೊಂಡಾಗ ಇನ್ನೂ ಎಳೆಯ ವಯಸ್ಸು. ಅಣ್ಣ ಮುರುಗೆಪ್ಪ ಅರಳೆ ವ್ಯಾಪಾರಿ, ಬೈರಿದೇವರಕೊಪ್ಪದಲ್ಲಿ ದೊಡ್ಡ ಮನೆ. ತಂಗಿಯನ್ನು ಕರೆತಂದು ಇಟ್ಟುಕೊಂಡ. ಎಂಥ ಅಣ್ಣ ನೋಡಿ ಎಂದು ಊರು ಹೊಗಳಿತು. ಅಂದಿನಿಂದ ಆ ಮನೆಯ ಒಲೆ ಹೊತ್ತಿಸುವುದೂ ಆರಿಸುವುದೂ ಈಕೆಯ ಪಾಲು. ಸಂಬಳ ಕೊಡದೆ ಇಟ್ಟುಕೊಂಡ ಅಡುಗೆಯವಳಿಗೆ ನಮ್ಮ ಕಡೆ ತಂಗಿ ಎನ್ನುತ್ತಾರೆ. ಸಾಲೆಗೆ ಹೋಗುವ ಅಣ್ಣನ ಕಿರಿಯ ಮಗಳಿಂದ ಕಂಪ್ಯೂಟರ್ ಕಲಿತಳು. ವೆಬ್‌ಸೈಟ್ ಕಟ್ಟಿದಳು. ಅದರ ಗಳಿಕೆ ಒಂದು ಮನೆಬಾಡಿಗೆಯ ಮಟ್ಟಕ್ಕೆ ಬಂದ ಕೂಡಲೇ ಗಂಟು ಕಟ್ಟಿಕೊಂಡು ಹೊರಬಿದ್ದಳು. ವೆಬ್‌ಸೈಟ್ ನಿಂತರೆ ಮತ್ತೆ ಅಣ್ಣನ ಒಲೆಯೇ ಗತಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಮ್ಮ ಊರಾಗಿನವರು ಒತ್ತಿದ್ರ ಏನೂ ಹತ್ತೂದಿಲ್ರಿ. ಮಸ್ಕತ್, ಲಂಡನ್‌ದಾಗ ಇರೋರು ಒತ್ತಿದ್ರ ಖರೇ ಗಳಿಕಿ. ಅಲ್ಲಿಯವ್ರಿಗೆ ಅಲ್ಲಿಯ ಅಂಗಡೀ ಜಾಹೀರಾತ ಕಾಣ್ತಾವ, ಆ ಅಂಗಡಿಯವರು ಜಾಸ್ತಿ ಕೊಡ್ತಾರ," ಎಂದು ಒಮ್ಮೆ ಬಿಡಿಸಿ ಹೇಳಿದ್ದಳು. ಅದಕ್ಕೇ ಹೊರದೇಶದವರನ್ನು ನೆನಪಿನಲ್ಲಿಟ್ಟುಕೊಂಡು ಬರೆಯುತ್ತಿದ್ದಳು. ಬೆಂಕಿಯಿಲ್ಲದ ಕರೆಂಟಿನ ಒಲೆಯ ಮೇಲೆ ರೊಟ್ಟಿ ಉಬ್ಬಿಸುವುದು ಹೇಗೆ, ಗುರೆಳ್ಳು ಸಿಗದ ಊರಿನಲ್ಲಿ ರೊಟ್ಟಿಗೆ ನಂಜಿಕೊಳ್ಳುವ ಹಿಂಡಿಪುಡಿಗೆ ಏನು ಹಾಕಬೇಕು, ಇಂಥವು. ತಾನು ಹುಬ್ಬಳ್ಳಿ ದಾಟದವಳು ಪರದೇಶದ ಅಡುಗೆಮನೆಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತಿಬಂದಿದ್ದಳು. ಓದುವವರು ಎಲ್ಲೆಲ್ಲಿಂದಲೋ ಬರತೊಡಗಿದರು. ಆಗಿನ ಆಕೆಯ ಮುಖದ ಕಳೆ ನೋಡಿ ನನಗೆ ನನ್ನ ಸ್ವಂತ ಮಗಳು ಪಾಸಾದಷ್ಟು ಖುಷಿಯಾಗಿತ್ತು.

ಎಡವಟ್ಟಾದದ್ದು ಅಣ್ಣನ ಮನೆಯ ಒಂದು ಊಟದಲ್ಲಿ. ನಿನ್ನ ಅಂಗಡಿ ಹೇಗೆ ನಡೆದಿದೆ ಎಂದು ಯಾರೋ ಕುಹಕವಾಡಿದರಂತೆ. ಈಕೆಗೂ ಸ್ವಲ್ಪ ಹುರುಪು. ಹೊರದೇಶದವರ ಲೆಕ್ಕವನ್ನೆಲ್ಲ ಬಿಚ್ಚಿ ಹೇಳಿಬಿಟ್ಟಳು. ಮುರುಗೆಪ್ಪನ ಕಣ್ಣು ಅರಳಿತು.

"ಆಕಿ ಹೊಸಾ ಸಂಸಾರ ಹೂಡ್ಯಾಳ, ನಾವು ಇನ್ನೂ ಆಯೇರಿ ಮಾಡಿಲ್ಲ. ನಮ್ಮ ಮಂದಿ ಹೊರಗಿನ ದೇಶದಾಗ ಎಷ್ಟ ಅದಾರ! ಎಲ್ಲಾರೂ ದಿನಾ ಒತ್ರಿ. ಇದ ನಮ್ಮ ಆಯೇರಿ," ಎಂದ.

ಆಯೇರಿ ಅಂದರೆ ಮದುವೆ, ಬಸುರಿಗೆ ಮಾಡುವ ಕುಬಸದಂಥ ಕಾರ್ಯಗಳಲ್ಲಿ ಬಂಧುಗಳು ಮಾಡುವ ಉಡುಗೊರೆ, ಸೀರೆಯೋ ಧೋತರವೋ. ಅದನ್ನು ಒಲ್ಲೆ ಎನ್ನುವಂತಿಲ್ಲ, ಎಂದರೆ ಸಂಬಂಧವೇ ಹರಿದಂತೆ. ಅಣ್ಣನ ಹಿರಿಯ ಮಗಳ ಮದುವೆಯ ಅಡುಗೆಯಷ್ಟನ್ನೂ ಹೊತ್ತ ಈಕೆಗೆ ಅಂದು ಸಿಕ್ಕ ಆಯೇರಿ ಒಂದು ಕುಪ್ಪಸದ ಖಣ. ಈಗ ಕಿಸೆಯಿಂದ ಏನೂ ಹೋಗದ ಆಯೇರಿ ಸಿಕ್ಕಿತ್ತಲ್ಲ, ಎಲ್ಲರಿಗೂ ದಾನಶೂರತನ ಉಕ್ಕಿಬಂತು. ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಹೊರಟಿತು. ಚಿಕ್ಕಪ್ಪನ ಮಗ ಶಿವಯೋಗೀಶ ಮಸ್ಕತ್‌ನಲ್ಲಿದ್ದ. ಅವನಂತೂ ತನ್ನ ಆಫೀಸಿನ ಗೆಳೆಯರನ್ನೂ ಹಚ್ಚಿದನಂತೆ.

ಮಸ್ಕತ್‌ನಿಂದ ಬರುವವರು ಒಮ್ಮೆಲೆ ಹೆಚ್ಚಿದ್ದು, ಬಂದವರು ಅಡುಗೆ ಓದದೆ ಜಾಹೀರಾತನ್ನಷ್ಟೇ ಒತ್ತಿ ಹೋಗುತ್ತಿರುವುದು ದ್ರಾಕ್ಷಾಯಿಣಿಗೆ ಕೂಡಲೇ ಗೊತ್ತಾಯಿತು. ಕೊಳ್ಳುವ ಮನಸ್ಸಿಲ್ಲದವರು ಬೇಕೆಂದೇ ಒತ್ತಿದರೆ ಕಂಪನಿಯ ಕಣ್ಣಿಗೆ ಅದು ಮೋಸ, ಖಾತೆಯನ್ನೇ ಮುಚ್ಚುತ್ತಾರೆ. ಅಣ್ಣನಿಗೆ ಫೋನ್ ಮಾಡಿ ಬೇಡಿಕೊಂಡಳು. "ಪ್ರೀತೀಲೆ ಮಾಡಾಕತ್ತೇವಿ. ಪ್ರೀತಿಗೂ ಕಾಯ್ದೆ ಐತೇನ?" ಎಂದು ಆತ ಫೋನ್ ಇಟ್ಟ.

ಆಗ ಆಕೆ ಒಂದು ಗಟ್ಟಿ ಕೆಲಸ ಮಾಡಿದಳು. ಹೊರದೇಶದಿಂದ ಬಂದವರಿಗೆ ಜಾಹೀರಾತು ಕಾಣದ ಹಾಗೆ ವೆಬ್‌ಸೈಟಿನಲ್ಲಿ ವ್ಯವಸ್ಥೆ ಮಾಡಿದಳು. ಗಳಿಕೆ ಕುಸಿಯಿತು. ಕುಸಿಯಲಿ, ಗದ್ದಲ ಅಡಗುವವರೆಗೆ ಹಂಗೇ ಇರಲಿ ಎಂದು ಹಲ್ಲು ಕಚ್ಚಿಕೊಂಡಿದ್ದಳು.

"ಅಕ್ಕಾ, ಜಾಹೀರಾತ ಕಾಣವಲ್ದು," ಎಂದು ಶಿವಯೋಗೀಶನ ಫೋನ್ ಬಂತು. ಬೆನ್ನಿಗೇ ಆಟೋ ಮಾಡಿಕೊಂಡು ಶರಣವ್ವ ಬಂದಳು, ಮನೆತನಕ್ಕೆಲ್ಲ ಹಿರಿಯಳಾದ ಸೋದರತ್ತೆ. ನಾನು ಅಲ್ಲೇ ಇದ್ದೆ. ಚಹಾದ ಕಪ್ಪನ್ನು ಮುಟ್ಟಲೂ ಇಲ್ಲ ಆ ಮುದುಕಿ.

"ಮಂದಿ ಮಾಡಿದ ಆಯೇರಿ ಹೊಳ್ಳಿ ಅವರ ಮಾರಿಗೆ ಒಗದ್ಯಂತಲ್ಲ? ಸ್ವಂತ ಮನಿ ಆತಂತ ಇಷ್ಟ ಸೊಕ್ಕೇನ ನಿನಗ?"

"ಹಂಗಲ್ಲ ಅತ್ತಿ, ಕಂಪನಿಯವರು..."

"ಕಂಪನಿ ಬರ್ತೇತೇನ ನಾಳೆ ನಿನ್ನ ಹೆಣಾ ಹೊರಾಕ?"

ಅತ್ತೆ ಹೋದ ಮೇಲೆ ನಾನು ಬಾಯಿಬಿಟ್ಟು ಹೇಳಿದೆ: "ಜಾಹೀರಾತ ಹೊಳ್ಳಿ ತೆರೀಬ್ಯಾಡ್ರಿ. ಅವರು ಸಿಟ್ಟಾದ್ರ ಆಗ್ಲಿ." ಆಕೆ ತಲೆ ಆಡಿಸಿದಳು. ಅತ್ತಳು. ಮರುದಿನ ತೆರೆದಳು. ದಾಕ್ಷಿಣ್ಯ ಎಂಬ ಈ ಹಾಳು ಗುಣವನ್ನು ನಮ್ಮ ಹೆಣ್ಣುಮಕ್ಕಳಿಗೆ ಹಾಲಿನ ಜೊತೆಗೇ ಕುಡಿಸುತ್ತಾರೆ. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಆ ತಿಂಗಳು ಮುಗಿಯುವ ಮೊದಲೇ ಕಂಪನಿ ಖಾತೆ ಮುಚ್ಚಿತು. ಮೇಲ್ಮನವಿಗೆ ಅವಕಾಶವಿತ್ತು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು, ಇದ್ದದ್ದನ್ನು ಇದ್ದಂತೆ ಬರೆದಳು. ಒತ್ತಿದವರು ನಮ್ಮ ಬಂಧುಗಳು, ನಮ್ಮಲ್ಲಿ ಹೊಸ ಮನೆ ಹೂಡಿದವರಿಗೆ ಹೀಗೆ ಉಡುಗೊರೆ ಮಾಡುವ ಪದ್ಧತಿ ಇದೆ, ಬೇಡ ಅನ್ನಲಿಕ್ಕೆ ಬರುವುದಿಲ್ಲ, ದಯವಿಟ್ಟು ಕ್ಷಮಿಸಿ. ತಪ್ಪೊಪ್ಪಿಗೆಯನ್ನು ತಾನೇ ಬರೆದು ಕೈಗೆ ಕೊಟ್ಟಂತಾಯಿತು. ಯಾವ ಮನುಷ್ಯನೂ ಓದಿರಲಿಕ್ಕಿಲ್ಲ ಅದನ್ನು. ತೀರ್ಮಾನ ಬದಲಾಗದು ಎಂಬ ಎರಡು ಸಾಲಿನ ಉತ್ತರ ಬಂತು.

ಬೇರೆ ಕಂಪನಿಗಳನ್ನು ಹುಡುಕಿದಳು, ಹಪ್ಪಳ ಮಾರಿ ನೋಡಿದಳು. ಯಾವುದೂ ಕೈ ಹಿಡಿಯಲಿಲ್ಲ. ಕೊನೆಗೆ ಮುರುಗೆಪ್ಪನ ಕಾರು ನಮ್ಮ ಓಣಿಗೆ ಬಂತು. "ಕಂಪನಿಯವರು ಮೋಸಾ ಮಾಡಿದ್ರು. ಪರದೇಶದವ್ರನ್ನ ನಂಬಬಾರದ ನೋಡ್ರಿ," ಎಂದು ನನಗೇ ಬುದ್ಧಿ ಹೇಳಿ ತಂಗಿಯನ್ನು ಕೂರಿಸಿಕೊಂಡು ಹೋದ. ಆಕೆ ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ಅಳು ತಡೆಯುತ್ತಿರಲಿಲ್ಲ.

ಮುರುಗೆಪ್ಪನ ಹಿರಿಯ ಮಗಳ ಕುಬಸಕ್ಕೆ ನನಗೂ ಕರೆ ಬಂದಿತ್ತು. ಊಟದ ಪಂಕ್ತಿಯಲ್ಲಿ ರೊಟ್ಟಿಯ ಬುಟ್ಟಿ ಹಿಡಿದು ಬಂದವಳು ದ್ರಾಕ್ಷಾಯಿಣಿ. ನನ್ನೆದುರಿಗೆ ರಜೆಗೆ ಬಂದಿದ್ದ ಶಿವಯೋಗೀಶ ಕುಳಿತಿದ್ದ. ಎಲ್ಲರಿಗೂ ಕೇಳುವಂತೆ ಅಂದ:

"ಅಕ್ಕಾ, ಉಳದವ್ರು ಒತ್ತ್ಯಾರೋ ಬಿಟ್ಟಾರೋ ಗೊತ್ತಿಲ್ಲ. ನಾ ಮಾತ್ರ ಒಂದ ದಿನಾನೂ ತಪ್ಪಿಸಿಲ್ಲ ನೋಡು."

"ಗೊತ್ತೈತಪಾ," ಎಂದಳು ಆಕೆ. "ನೀವೆಲ್ಲಾ ಒತ್ತಿದ್ದಕ್ಕ ನಾ ಇವತ್ತ ಇಲ್ಲಿ ಅದೇನಿ."

ಅವನು ಮೆಚ್ಚಿಗೆ ಸಿಕ್ಕವನಂತೆ ನಕ್ಕ. ಪಂಕ್ತಿಯ ಆ ತುದಿಯಿಂದ ಮುರುಗೆಪ್ಪ, "ಮತ್ತ! ನಮ್ಮವರು ಅಂದ್ರ ಸುಮ್ನ ಆತೇನು?" ಎಂದ. ಶಿವಯೋಗೀಶ ತಾಟನ್ನು ಮುಂದೆ ಸರಿಸಿದ.

"ಇನ್ನೊಂದ ಹಾಕಕ್ಕಾ. ಅಲ್ಲಿ ಇಂಥಾ ರೊಟ್ಟಿ ಸಿಗೂದಿಲ್ಲ."

ಆಕೆ ಹಾಕಿದಳು.