ಮೂರನೆಯದು ನಮ್ಮ ಕಾಕಾನದು

ನನಗೆ ನೌಕರಿಯ ಆರ್ಡರು ಬಂದಾಗ ಮನೆಯಲ್ಲಿ ಯಾರೂ ಸಕ್ಕರೆ ಹಂಚಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು. ತಿರ್ಲಾಪುರದಿಂದ ಶಾಲೆಯ ಅಕ್ಕೋರಾಗಿ ಹೊರಟ ಮೊದಲ ಹುಡುಗಿ ನಾನೇ ಎಂಬ ಹಮ್ಮು ನನಗಿತ್ತು. ಆದರೆ ಶಾಲೆ ಇದ್ದದ್ದು ಕರಾವಳಿಯಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಯ ಆಚೆ ದಂಡೆಯ ಮೇಲೆ. ಇರಲು ಮನೆ ಸಿಗುವುದು ಈಚೆಯ ಪಟ್ಟಣದಲ್ಲಿ. ನಡುವೆ ಸೇತುವೆ ಇಲ್ಲ, ದಿನಕ್ಕೆರಡು ಸಲ ಲಾಂಚಿನಲ್ಲಿ ದಾಟಬೇಕು.

ಅವ್ವ ಆರ್ಡರನ್ನು ದೇವರ ಮುಂದೆ ಇಡಲೂ ಬಿಡಲಿಲ್ಲ. ಅವಳ ಅಣ್ಣ ಬೆಣ್ಣಿಹಳ್ಳ ದಾಟುವಾಗ ಬಂಡಿ ಮಗುಚಿ ತೀರಿಹೋಗಿದ್ದ. ನಾನು ಹುಟ್ಟುವ ಮೊದಲಿನ ಸಂಗತಿ ಅದು. ಆ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಆದರೆ ಅವ್ವ ನೀರನ್ನು ನೋಡುವ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಅವ್ವ ನನ್ನ ಕಾಕಾನನ್ನು, ಅಂದರೆ ಅಪ್ಪನ ತಮ್ಮನನ್ನು, ಕರೆದಳು.

"ನೀನ ಇಕಿ ಜೋಡಿ ಹೋಗಿ ಕೇಳ್ಕೊಂಡು ಬಾ ತಮ್ಮಾ. ಆ ಲಾಂಚು ಒಂದ ಸಲಾ ಮುಳುಗಿದ್ರೂ ನಾ ಕಳಸಂಗಿಲ್ಲ."

ಕಾಕಾನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಹಳ್ಳಕ್ಕೆ ನೀರು ಬಂದಾಗ ಬಂಡಿ ಇಳಿಸಬೇಕೋ ಬೇಡವೋ ಎಂದು ಊರವರು ಕೇಳುತ್ತಿದ್ದುದು ಅವನನ್ನೇ. ನೀರು ನುಗ್ಗಿ ಬರುವ ಕಡೆಯ ಗಾಲಿ ಏಳದಂತೆ ಬಂಡಿಯಲ್ಲಿದ್ದವರೆಲ್ಲ ಆ ಮಗ್ಗುಲಿಗೇ ಒತ್ತಿ ಕೂಡಬೇಕು. ಅದು ನಮ್ಮ ಕಡೆಯ ಪದ್ಧತಿ, ಕೂಸುಗಳಿಗೂ ಗೊತ್ತು. ಕಾಕಾ ಒಂದು ಕೂಗು ಹಾಕಿದರೆ ಸಾಕು, ಎಲ್ಲರೂ ಸರಿಯುತ್ತಿದ್ದರು.

ಲಾಂಚು ನಿಲ್ಲುವ ಧಕ್ಕೆಯ ಮೇಲೊಂದು ಆಫೀಸು. ಲಾಂಚು ಯಾವಾಗಾದರೂ ಮುಳುಗಿದ್ದುಂಟೇ ಎಂದು ಕಾಕಾ ಕೇಳಿದ್ದಕ್ಕೆ ಅಲ್ಲಿಯ ಕಾರಕೂನ ತಲೆ ಎತ್ತದೆಯೇ ಹೇಳಿದ, "ಇಲ್ಲಿ ಇವತ್ತಿನವರೆಗೆ ಒಂದೂ ಅಪಘಾತ ಆಗಿಲ್ಲ." ನನಗೆ ಅವನ ಕಾಲಿಗೆ ಬೀಳಬೇಕೆನಿಸಿತು.

"ಆತಲ್ಲ ಕಾಕಾ, ಊರಿಗೆ ಹೋಗೂಣು ನಡಿ," ಎಂದೆ.

"ತಡಿ ಬೇ. ಹತ್ತಿ ನೋಡೂಣು."

ಲಾಂಚು ನಡೆಸುವ ತಾಂಡೇಲ ನರೆತ ಮೀಸೆಯ ಗಟ್ಟಿ ಆಳು. ಕಾಕಾ ಅದನ್ನೇ ಅವನಿಗೂ ಕೇಳಿದ.

"ಎರಡು ಸಲ ಆಗಿದೆ," ಎಂದ ಅವನು. "ಒಮ್ಮೆ ನೀರು ಇಳಿದಾಗ ಮರಳಿಗೆ ಹತ್ತಿ ತಳ ಒಡೀತು, ಎಲ್ಲರನ್ನೂ ಹೊತ್ತು ದಡ ಸೇರಿಸಿದೆವು. ಇನ್ನೊಮ್ಮೆ ಜನ ಗಾಬರಿಯಾಗಿ ಒಂದೇ ಬದಿಗೆ ನುಗ್ಗಿದರು, ಮಗುಚಿತು. ಒಬ್ಬ ಮುದುಕಿಯನ್ನು ಉಳಿಸಲಿಕ್ಕೆ ಆಗಲಿಲ್ಲ. ಅದಕ್ಕೇ ಹೇಳೋದು, ಕೂತಲ್ಲಿಂದ ಏಳಬೇಡಿ."

ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಇಷ್ಟಷ್ಟಲ್ಲ. ಕೇಳಿದ್ದಕ್ಕೆ ಇಲ್ಲ ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಲಾಂಚಿನಲ್ಲಿ ನಮ್ಮ ಸೀಮೆಯವರೇ ಆದ ಅಣ್ಣಿಗೇರಿ ಕಡೆಯ ಹತ್ತು ಹನ್ನೆರಡು ಮಂದಿ ಇದ್ದರು. ಆಚೆ ದಂಡೆಯ ದರ್ಗಾಕ್ಕೆ ಹೊರಟವರು. ಭಾಷೆ ಕೇಳಿದ್ದೇ ತಡ ಕಾಕಾನ ಸುತ್ತ ಸೇರಿಕೊಂಡು ಮಳೆ, ಬೆಳೆ ಎಂದು ಮಾತಿಗಿಳಿದರು. ಅಳಿವೆಯ ನಡುವೆ ಬಂದಾಗ ಸಮುದ್ರದ ಕಡೆಯಿಂದ ಒಂದು ದೊಡ್ಡ ತೆರೆ ಬಡಿಯಿತು. ಲಾಂಚು ಇನ್ನೊಂದು ಬದಿಗೆ ವಾಲಿತು. ಕಾಕಾ ಎದ್ದು ನಿಂತ.

"ಏ, ಎಲ್ಲಾರೂ ನೀರ ಬರೂ ಬಾಜೂಕ ಬರ್ರಿ!"

ಅಣ್ಣಿಗೇರಿಯವರಿಗೆ ಇನ್ನೊಮ್ಮೆ ಹೇಳಬೇಕಾಗಲಿಲ್ಲ. ಹಳ್ಳದ ಬಂಡಿಯಲ್ಲಿ ಸರಿದಂತೆ ಸರಿದರು. ನಾನೂ ಸರಿದೆ. ಆದರೆ ಲಾಂಚು ಬಂಡಿಯಲ್ಲವಲ್ಲ. ತೆರೆ ದಾಟಿದ ಕೂಡಲೇ ಅದು ತಾನಾಗಿಯೇ ಮರಳಿ ಹೊರಳಿತು, ಹೊರಳಿದ ಕಡೆಯೇ ನಾವೆಲ್ಲ ಗುಂಪಾಗಿ ನಿಂತಿದ್ದೆವು. ಅಂಚು ನೀರಿಗಿಳಿಯಿತು. ಉಪ್ಪುನೀರು ಮೊಣಕಾಲಿನವರೆಗೆ ನುಗ್ಗಿತು. ತಾಂಡೇಲ ಒಂದೇ ಸಮನೆ ಕೂಗುತ್ತಿದ್ದ. ಇದ್ದಲ್ಲೇ ಕುಳಿತಿದ್ದ ಇಬ್ಬರು ಮೀನು ಮಾರುವ ಹೆಂಗಸರು ಕಾಕಾನ ಧೋತರ ಹಿಡಿದು ಜಗ್ಗಿ ನಡುವೆ ಕೂಡಿಸಿದರು. ಅವನ ರುಮಾಲು ನೀರಿಗೆ ಬಿತ್ತು. ಮಿಕ್ಕವರೂ ಒಬ್ಬೊಬ್ಬರಾಗಿ ಕುಳಿತ ಮೇಲೆ ಲಾಂಚು ನೆಟ್ಟಗಾಯಿತು.

ದಂಡೆಗೆ ಇಳಿದ ಮೇಲೆ ಕಾಕಾ ತಾಂಡೇಲನ ಮುಂದೆ ಕೈಮುಗಿದು ನಿಂತ. ಅವನು ಹಾಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ತಪ್ಪಾತ್ರಿ," ಎಂದ.

ತಾಂಡೇಲ ಬೈಯಲಿಲ್ಲ. "ಇನ್ನು ಮೇಲೆ ಮೂರು ಅಂತ ಹೇಳ್ತೇನೆ," ಎಂದನಷ್ಟೆ.

ಊರಿಗೆ ಮರಳುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಕಾಕಾನ ಕಿವಿ ಕಚ್ಚಿದೆ. ಕಾರಕೂನ ಹೇಳಿದ್ದಷ್ಟನ್ನೇ ಹೇಳು ಎಂದೆ. ಅದು ಸುಳ್ಳೂ ಅಲ್ಲವಲ್ಲ, ಅವನು ಹಾಗೆ ಹೇಳಿದ್ದಂತೂ ನಿಜ ತಾನೇ ಎಂದು ವಾದಿಸಿದೆ. ಹುಬ್ಬಳ್ಳಿಯಲ್ಲಿ ಹೊಸ ರುಮಾಲು ಕೊಂಡುಬಿಡು ಎಂದೂ ಬೇಡಿಕೊಂಡೆ. ಕಾಕಾ ಹುಬ್ಬಳ್ಳಿಯಲ್ಲಿ ಇಳಿದು ನೇರ ಊರಿನ ಬಸ್ಸು ಹತ್ತಿದ. ರುಮಾಲು ಕೊಳ್ಳಲಿಲ್ಲ.

ಬರಿದಲೆಯಲ್ಲಿ ಬಂದ ಮೈದುನನನ್ನು ನೋಡಿ ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಎಷ್ಟ ಸಲಾ?" ಎಂದಳು.

"ಮೂರು, ವೈನಿ. ಮೂರನೇದ್ದು ನಾನ ಮಾಡಿದ್ದು."

ಎಲ್ಲವನ್ನೂ ಹೇಳಿದ. ಮುದುಕಿಯದನ್ನೂ ಬಿಡಲಿಲ್ಲ. ನನ್ನ ನೌಕರಿ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಳು ಬಂತು, ಕಾಕಾನ ಮೇಲೆ ಹಾಳು ದ್ವೇಷವೂ ಬಂತು.

ಅವ್ವ ಕಾಕಾನಿಗೆ ಕುಡಿಯಲು ನೀರು ತಂದುಕೊಟ್ಟಳು. ಆಮೇಲೆ, "ಮೊದಲಿನ ಎರಡು ನಿನಗ ಯಾರು ಹೇಳಿದ್ರು?" ಎಂದು ಕೇಳಿದಳು.

"ಲಾಂಚು ನಡಸಾಂವನ ಹೇಳಿದ. ಕೇಳಿದ ಕೂಡ್ಲೆ ಹೇಳಿದ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮಣ್ಣನ್ನ ಕರಕೊಂಡು ಹಳ್ಳಕ್ಕ ಇಳದ ಬಂಡಿಯಾಂವ, ನನ್ನ ಕೈಯಾಗ ಒಂದ ಸಲಾನೂ ಮಗಚಿಲ್ಲ ಅಂದಿದ್ದ. ನಾನ ಅಣ್ಣಗ, ಹೋಗು, ಏನಾಗಂಗಿಲ್ಲ ಅಂದಿದ್ದೆ."

ಅದನ್ನು ಅವಳು ಅಲ್ಲಿಯವರೆಗೆ ಅಪ್ಪನಿಗೂ ಹೇಳಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಆ ಮನಶ್ಯಾನ ಲಾಂಚಿನ್ಯಾಗ ಅಷ್ಟ ಹತ್ತು. ಕುಂತಲ್ಲಿಂದ ಏಳಬ್ಯಾಡ."

ಆ ಅಳಿವೆಯನ್ನು ನಾನು ಒಂಬತ್ತು ವರ್ಷ ದಾಟಿದೆ. ಹೊಸಬರು ಹತ್ತಿದಾಗಲೆಲ್ಲ ತಾಂಡೇಲ ಮೂರನ್ನೂ ಹೇಳುತ್ತಿದ್ದ. ಮೂರನೆಯದು ಬಂದಾಗ ಜನ ನಗುತ್ತಿದ್ದರು. ನಾನು ಒಮ್ಮೆಯೂ ನಗಲಿಲ್ಲ, ಒಮ್ಮೆಯೂ ಎದ್ದು ನಿಲ್ಲಲಿಲ್ಲ.