ಲಾಹಿರಿಬಾಬು ಕಾದಂಬರಿ ಆರಿಸಿದ್ದು

ಶ್ಯಾಮಬಾಜಾರಿನ ನಮ್ಮ ಗಲ್ಲಿಯಲ್ಲಿ ಭವತೋಷ ಲಾಹಿರಿಯವರಷ್ಟು ದೊಡ್ಡ ಓದುಗರು ಇನ್ನೊಬ್ಬರಿಲ್ಲವೆಂದು ಎಲ್ಲರೂ ನಂಬಿದ್ದರು. ನೀರು ಸರಬರಾಜು ಕಚೇರಿಯಲ್ಲಿದ್ದಾಗಲೇ ಅವರು ಸಂಜೆ ಜಗಲಿಯ ಹರಟೆಯಲ್ಲಿ ಕೂತು, ಈಗಿನವರು ಬರೆಯುವುದೆಲ್ಲ ಕಸ, ಓದಿದರೆ ಹಳೆಯ ಮಹಾಕಾದಂಬರಿಗಳನ್ನೇ ಓದಬೇಕು ಎಂದು ತೀರ್ಪು ಕೊಡುತ್ತಿದ್ದರು. ತಾವು ಯಾವುದನ್ನು ಓದಿದ್ದೀರಿ ಎಂದು ಯಾರೂ ಕೇಳಿರಲಿಲ್ಲ. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನಾನೂ ಕೇಳಿರಲಿಲ್ಲ.

ನಿವೃತ್ತರಾದ ಮೇಲೆ, ಅಂಥ ಮಹಾಕಾದಂಬರಿಯೊಂದನ್ನು ಆರಿಸಿ ನೆಮ್ಮದಿಯಾಗಿ ಓದುವುದಾಗಿ ಸಾರಿದರು. ಮೊದಲು ಒರಗುಕುರ್ಚಿ ಬಂತು, ಆಮೇಲೆ ದೀಪ, ಆಮೇಲೆ ಹೊಸ ಕನ್ನಡಕ. ಕಾದಂಬರಿ ಮಾತ್ರ ಬರಲಿಲ್ಲ. ಕಾಲೇಜು ಬೀದಿಯ ಅಂಗಡಿಗಳಲ್ಲಿ ದಪ್ಪ ಪುಸ್ತಕವನ್ನು ಎತ್ತಿ ನೋಡಿ, ಮಣಿಕಟ್ಟಿಗೆ ಭಾರವೆಂದು ಇಟ್ಟುಬಿಡುವರು. ತೆಳ್ಳಗಿದ್ದರೆ, ಇಷ್ಟು ಸಣ್ಣದು ಶ್ರೇಷ್ಠ ಹೇಗಾದೀತು ಎನ್ನುವರು. ಸೆಕೆಗಾಲಕ್ಕೆ ದುಃಖದ ಕಥೆ ಆಗದು, ದುರ್ಗಾಪೂಜೆಯ ಹೊತ್ತಿಗೆ ಯುದ್ಧದ್ದು ಆಗದು.

ಹೀಗೆ ವರ್ಷಗಳು ಕಳೆದು, ಆರಿಸುವುದರಲ್ಲೇ ಅವರ ಹೆಸರು ಬೆಳೆಯಿತು. ಗಲ್ಲಿಯ ಕ್ಲಬ್ಬಿನವರು ಶಾಲು ಹೊದಿಸಿ ಭಾಷಣ ಮಾಡಿಸಿದರು. ಜನ ಸಲಹೆಗೆ ಬರತೊಡಗಿದರು. ಹೋಮಿಯೋಪತಿ ಡಾಕ್ಟರು ಪರೇಶ ಕುಂಡು, ಇವರು ಹೇಳಿದ ಪುಸ್ತಕವನ್ನು ನಿಜವಾಗಿಯೂ ಓದಿ ಬಂದರು.

"ಲಾಹಿರಿ ದಾದಾ, ಕೊನೇಲಿ ಆ ಹುಡುಗಿ ಮಾಡಿದ್ದು ಸರೀನಾ?"

"ಇನ್ನೊಂದ್ಸಲ ಓದು ಕುಂಡು. ನಿಂಗೇ ಹೊಳಿಯುತ್ತೆ."

ಪಾಪ, ಕುಂಡು ಇನ್ನೊಂದು ಸಲ ಓದಿದರು.

ಒಂದು ಮಳೆಗಾಲದಲ್ಲಿ ಲಾಹಿರಿಯವರು ತಂದೆಯ ಕಾಲದ ಪುಸ್ತಕಗಳಲ್ಲಿ ಹುಡುಕೋಣವೆಂದು ಅಟ್ಟಕ್ಕೆ ಏಣಿ ಹಾಕಿದರು. ಏಣಿ ಜಾರಿ, ಅವರೂ ಒಂದು ದಪ್ಪ ಪುಸ್ತಕವೂ ಒಟ್ಟಿಗೆ ಕೆಳಗೆ ಬಿದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿದರು. ಗಂಡನ ಪಕ್ಕ ಕೂತೂ ಕೂತೂ ಬೇಸತ್ತ ಕನಕಲತಾ, ಒಂದು ಮಧ್ಯಾಹ್ನ ಆ ಪುಸ್ತಕವನ್ನೇ ತೆಗೆದು ಗಟ್ಟಿಯಾಗಿ ಓದತೊಡಗಿದರು. ಇದನ್ನು ಇನ್ನೂ ಆರಿಸಿಲ್ಲವೆಂದು ಲಾಹಿರಿಯವರು ಆಕ್ಷೇಪಿಸಿದರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಎದ್ದು ಹೋಗಲು ಅವರಿಗೆ ಕಾಲಿರಲಿಲ್ಲ.

ಅದು ಶಂಖದ ಬಳೆ ಕೊಯ್ಯುವವರ ಮನೆಯ ಕಥೆ. ಓದಿನ ಮೂರನೆಯ ದಿನ, ಹಿರಿಮಗ ಮನೆಬಿಟ್ಟು ಹೊರಟ ಕಡೆಗೆ ಬಂದಾಗ ಕನಕಲತಾ ಪುಸ್ತಕ ಮುಚ್ಚಿ ಎದ್ದರು.

"ಎಲ್ಲಿಗೆ ಹೊರಟೆ? ಅವನು ಹೋದನಾ, ಇಲ್ವಾ?"

"ಇಲಿಶ್ ಮೀನು ಒಲೆ ಮೇಲಿದೆ ರೀ. ಕನ್ನಡಕ ಅಲ್ಲೇ ಇದೆಯಲ್ಲ, ನೀವೇ ಓದ್ಕೊಳ್ಳಿ."

ಅವರು ಓದಲಿಲ್ಲ, ಮೀನು ಬೇಯುವುದನ್ನೇ ಕಾದರು. ಮಗ ಹೋದನೆಂದು ತಿಳಿದಾಗ ಅವರು ಅತ್ತದ್ದು ನನಗೆ ಮಹಡಿಗೆ ಕೇಳಿಸಿತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಊರುಗೋಲು ಹಿಡಿದು ಜಗಲಿಗೆ ಬಂದರು. ಕನಕಲತಾ ಅತ್ತಿಗೆ ಓದಿದ ಕಾದಂಬರಿ ಹೇಗಿತ್ತು ಎಂದು ಕುಂಡು ಕೇಳಿದರು.

"ಎರಡನೇ ದರ್ಜೆಯದು. ನಂಗೆ ಪೂರ್ತಿ ಅರ್ಥ ಆಗೋಯ್ತು. ಶ್ರೇಷ್ಠವಾದದ್ದು ಹಾಗೆಲ್ಲ ಅರ್ಥ ಆಗಲ್ಲ, ಕುಂಡು. ಇನ್ನೂ ಆರಿಸ್ಬೇಕು."

ಜಗಲಿಯವರೆಲ್ಲ ತಲೆದೂಗಿದರು. ಅಷ್ಟರಲ್ಲಿ ಒಳಗೆ ಕನಕಲತಾ ಅದೇ ಕಾದಂಬರಿಯ ಎರಡನೆಯ ಭಾಗವನ್ನು ಸಣ್ಣ ದನಿಯಲ್ಲಿ ಓದಲು ಶುರು ಮಾಡಿದ್ದರು. ಲಾಹಿರಿಯವರು ಮಾತು ನಿಲ್ಲಿಸಿ, ಸೊಂಟ ನೋಯುತ್ತಿದೆಯೆಂದು ಹೇಳಿ, ಮೆಲ್ಲಗೆ ಕಿಟಕಿಯ ಪಕ್ಕಕ್ಕೆ ಸರಿದು ಕೂತರು. ಸ್ವಲ್ಪ ಗಟ್ಟಿಯಾಗಿ ಓದು ಎಂದು ಹೇಳುವ ಹಾಗೂ ಇರಲಿಲ್ಲ.